ಸಾಕ್ಷಿ ಇಲ್ಲದ ಶೌರ್ಯ



ಸೈನಿಕನೊಬ್ಬ ಪದಕಕ್ಕೆ ಅರ್ಹನಾಗುವುದು ಹೇಗೆ ಎಂಬುದು ಜಮಖಂಡಿ-ಮುಧೋಳ ಸೀಮೆಯ ಈ ಸಂಕಿರಣದಲ್ಲಿ ಇವತ್ತಿನ ವಿಷಯ. ರಜೆಗೆ ಬಂದ ಸೈನಿಕನ ಅಂಗಿಯ ಮೇಲೆ ನಾಲ್ಕು ರಿಬ್ಬನ್ ಕಂಡರೆ ನಮ್ಮ ಹುಡುಗರು ಕೇಳುವುದು ಒಂದೇ: "ಕಾಕಾ, ಇದು ಯಾವ ಯುದ್ಧದ್ದು?" ಬಹಳ ಸಲ ಕಾಕಾ ನಕ್ಕು ಸುಮ್ಮನಾಗುತ್ತಾನೆ. ಯಾಕೆಂದರೆ ಹೆಚ್ಚಿನ ಪದಕಗಳು ಯುದ್ಧದವಲ್ಲ. ಅವು ದಿನ ಎಣಿಸಿ, ಜಾಗ ನೋಡಿ ಕೊಟ್ಟವು. 9, 20, 30 ವರ್ಷ ತುಂಬಿದವರಿಗೆ ದೀರ್ಘ ಸೇವಾ ಪದಕಗಳಿವೆ. 1960ರಲ್ಲಿ ಬಂದ ಸೈನ್ಯ ಸೇವಾ ಪದಕಕ್ಕೆ ಜಮ್ಮು-ಕಾಶ್ಮೀರ, ಹಿಮಾಲಯದಂಥ ಗೊತ್ತುಪಡಿಸಿದ ಪ್ರದೇಶದಲ್ಲಿ ಒಟ್ಟು ಒಂದು ವರ್ಷ ಕಳೆದಿರಬೇಕು. ಸಿಯಾಚಿನ್ ಹಿಮನದಿಯ ಮೇಲೆ ಇದ್ದವರಿಗೆ ಬೇರೆಯದೇ ಪದಕ. ದೀರ್ಘ ಸೇವೆ ಮತ್ತು ಸನ್ನಡತೆಯ ಪದಕಕ್ಕೆ 15 ವರ್ಷ ತುಂಬಿದರಷ್ಟೇ ಸಾಲದು, ದಾಖಲೆಯಲ್ಲಿ ಶಿಕ್ಷೆಯ ಕೆಂಪು ಶಾಯಿಯ ಎಂಟ್ರಿಗಳೂ ಅಡ್ಡ ಬರಬಾರದು. ಗಾಯಗೊಂಡವರಿಗೆಂದು 1973ರಲ್ಲಿ ಪರಾಕ್ರಮ ಪದಕ ಬಂತು. ಅದು ಶತ್ರುವಿನ ನೇರ ಕ್ರಿಯೆಯಿಂದ ಆದ ಗಾಯಕ್ಕೆ ಮಾತ್ರ. ಹಿಮದಲ್ಲಿ ಬೆರಳು ಕಳೆದುಕೊಂಡವ ಆ ಲೆಕ್ಕಕ್ಕೆ ಬರುವುದಿಲ್ಲ.

ಈ ಪದಕಗಳ ವಿಷಯದಲ್ಲಿ ಜಗಳ ಕಡಿಮೆ. ಸೇವೆ ಮುಗಿದಾಗ ಕೈಗೆ ಸಿಗುವ ಡಿಸ್ಚಾರ್ಜ್ ಬುಕ್ಕಿನಲ್ಲಿ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ತೊಡಕು ಇರುವುದು ಶೌರ್ಯದ ಪದಕಗಳಲ್ಲಿ. ಕಬ್ಬು ಎಷ್ಟೇ ಸಿಹಿ ಇರಲಿ, ತೂಕದ ಕಾಟಾ ಚೀಟಿ ಇಲ್ಲದೆ ಕಾರ್ಖಾನೆ ಬಿಲ್ಲು ಕೊಡುವುದಿಲ್ಲ ಎಂಬುದು ಈ ಸೀಮೆಯ ರೈತನಿಗೆ ಹೇಳಬೇಕಾಗಿಲ್ಲ. ಶೌರ್ಯಕ್ಕೂ ಒಂದು ಚೀಟಿ ಬೇಕು. ಕಂಡವರು ಬೇಕು, ಕಂಡವರು ಬದುಕಿ ಬರಬೇಕು, ಬಂದವರು ಬರೆಯಬೇಕು, ಬರೆದದ್ದು ಮೇಲಿನವರೆಗೆ ಹೋಗಬೇಕು. ಎಲ್ಲಿ ಕಡಿದರೂ ಪದಕ ಇಲ್ಲ.

ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಪ್ರಕರಣವನ್ನು ನಾನು ಯಾವಾಗಲೂ ಮೊದಲು ಎತ್ತಿಕೊಳ್ಳುತ್ತೇನೆ. 1965ರ ಸೆಪ್ಟೆಂಬರ್ 7, ಬೆಳಗಿನ ಜಾವ. ವಾಯುಪಡೆಯ 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಆದಂಪುರದಿಂದ ಹೊರಟು ಪಾಕಿಸ್ತಾನದ ಸರಗೋಧಾ ನೆಲೆಯ ಮೇಲೆ ದಾಳಿ ಮಾಡಿದವು. ಸ್ಕ್ವಾಡ್ರನ್ ಲೀಡರ್ ದೇವಯ್ಯ ಆ ದಿನದ ಪಟ್ಟಿಯಲ್ಲಿ ಮೀಸಲು ಪೈಲಟ್. ಆದರೂ ದಾಳಿಯಲ್ಲಿ ಸೇರಿಕೊಂಡರು. ಮರಳುವಾಗ ಶತ್ರುವಿನ ಎಫ್-104 ಸ್ಟಾರ್‌ಫೈಟರ್ ಎದುರಾಯಿತು. ಅದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುವ ವಿಮಾನ. ಮಿಸ್ಟೇರ್ ಅದರ ಮುಂದೆ ಹಳೆಯದು, ನಿಧಾನದ್ದು. ಗುಂಡು ತಿಂದು ಜಖಂಗೊಂಡ ವಿಮಾನವನ್ನು ತಿರುಗಿಸಿ ದೇವಯ್ಯ ಆ ಸ್ಟಾರ್‌ಫೈಟರನ್ನೇ ಹೊಡೆದು ಬೀಳಿಸಿದರು. ಪಾಕಿಸ್ತಾನದ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದ. ದೇವಯ್ಯ ಬದುಕಲಿಲ್ಲ.

ನಮ್ಮ ಕಡೆಯವರು ಇದನ್ನು ಯಾರೂ ನೋಡಿರಲಿಲ್ಲ. ದಾಖಲೆಯ ಪ್ರಕಾರ ಒಬ್ಬ ಪೈಲಟ್ ಮರಳಿ ಬರಲಿಲ್ಲ, ಅಷ್ಟೇ. ವಿಷಯ ಹೊರಗೆ ಬಂದದ್ದು 1979ರಲ್ಲಿ, ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನಿ ವಾಯುಪಡೆಯ ಕಡೆಯಿಂದ ಬರೆದ ಪುಸ್ತಕದಲ್ಲಿ. ಆ ದಾಳಿಯ ನೇತೃತ್ವ ವಹಿಸಿದ್ದ ಓ.ಪಿ. ತನೇಜಾ ಬೆನ್ನು ಹತ್ತಿದರು. 1988ರಲ್ಲಿ, ಅಂದರೆ 23 ವರ್ಷದ ಮೇಲೆ, ದೇವಯ್ಯ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ನೋಡಿ, ನಮ್ಮವನೊಬ್ಬನ ಶೌರ್ಯಕ್ಕೆ ಸಾಕ್ಷಿ ಶತ್ರುವಿನ ಮನೆಯಿಂದ ಬರಬೇಕಾಯಿತು! ಆ ಪುಸ್ತಕ ಬರೆಯದೆ ಹೋಗಿದ್ದರೆ? ದೇವಯ್ಯ 1965ರಲ್ಲಿ ಎಷ್ಟು ಧೀರರೋ 1988ರಲ್ಲೂ ಅಷ್ಟೇ ಧೀರರು. ನಡುವೆ ಹೊಸದಾಗಿ ಬಂದದ್ದು ಸಾಕ್ಷಿ, ಜೊತೆಗೆ ಪಟ್ಟು ಬಿಡದ ಒಬ್ಬ ಹಿರಿಯ ಅಧಿಕಾರಿ. ಎಲ್ಲ ಸೈನಿಕರಿಗೂ ಅಂಥ ಅಧಿಕಾರಿ ಸಿಗುವುದಿಲ್ಲ.

ಅರ್ಹತೆಯ ಗೆರೆಯನ್ನು ಎಳೆಯುವವರು ಯಾರು ಎಂಬುದೂ ಕೇಳಬೇಕಾದ ಪ್ರಶ್ನೆ. ವಿಕ್ಟೋರಿಯಾ ಕ್ರಾಸ್ 1856ರಲ್ಲಿ ಶುರುವಾದರೂ ಭಾರತೀಯ ಸಿಪಾಯಿಗಳಿಗೆ ಅದರ ಅರ್ಹತೆ ಬಂದದ್ದು 1911ರಲ್ಲಿ. ಅಲ್ಲಿಯವರೆಗೆ ಒಂದೇ ಕಂದಕದಲ್ಲಿ ಸತ್ತರೂ ನಮ್ಮವರಿಗೆ ಬೇರೆ ಪದಕ, ಇಂಡಿಯನ್ ಆರ್ಡರ್ ಆಫ್ ಮೆರಿಟ್. ಸ್ವತಂತ್ರ ಭಾರತ ಶತ್ರುವಿನ ಎದುರಿನ ಶೌರ್ಯಕ್ಕೆ ತನ್ನ ಚಕ್ರಗಳನ್ನು ಸ್ಥಾಪಿಸಿದ್ದು 1950ರ ಜನವರಿ 26ರಂದು. ಆದರೆ ಅವು 1947ರ ಆಗಸ್ಟ್ 15ರಿಂದಲೇ ಅನ್ವಯ ಎಂದಿತು. ಆ ಒಂದು ಸಾಲು ಇಲ್ಲದಿದ್ದರೆ ಕಾರವಾರ ಬಳಿಯ ಚೆಂಡಿಯಾದ ರಾಮ ರಾಘೋಬಾ ರಾಣೆ ಅವರಿಗೆ ಪರಮವೀರ ಚಕ್ರ ಸಿಗುತ್ತಿರಲಿಲ್ಲ. ನೌಶೇರಾ-ರಜೌರಿ ರಸ್ತೆಯಲ್ಲಿ ಅವರು ಗಾಯಗೊಂಡೂ ನೆಲಬಾಂಬು ತೆಗೆಯುತ್ತ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟದ್ದು 1948ರ ಏಪ್ರಿಲ್‌ನಲ್ಲಿ, ಆ ಪದಕವೇ ಇನ್ನೂ ಹುಟ್ಟಿರದಾಗ.

ಇಲ್ಲೇ ಹತ್ತಿರದ ಹಲಗಲಿಗೆ ಬನ್ನಿ. 1857ರಲ್ಲಿ ಆಯುಧ ಒಪ್ಪಿಸುವ ಕಾಯ್ದೆಗೆ ಬಗ್ಗದ ಬೇಡರನ್ನು ಕಂಪನಿ ಸರ್ಕಾರ ಗಲ್ಲಿಗೆ ಹಾಕಿತು. ಯಾವ ಸರ್ಕಾರದ ಯಾವ ಪದಕಕ್ಕೂ ಅವರು ಅರ್ಹರಾಗಿರಲಿಲ್ಲ, ಸರ್ಕಾರದ ಕಣ್ಣಿಗೆ ಅವರು ಅಪರಾಧಿಗಳು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರು ನಮಗೆ ಬಾಯಿಪಾಠ ಇದ್ದರೆ ಅದಕ್ಕೆ ಕಾರಣ ಲಾವಣಿ. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಬ್ರಿಟಿಷ್ ಅಧಿಕಾರಿಯೇ ಆದ ಜೆ.ಎಫ್. ಫ್ಲೀಟ್ ಎಂಬುದು ಇತಿಹಾಸದ ಒಂದು ತಮಾಷೆ. ನಮ್ಮ ಲಾವಣಿಕಾರ ಯಾವ ಪದಕ ಸಮಿತಿಗೂ ಕಾಯಲಿಲ್ಲ. ಹಾಗೆಂದು ಲಾವಣಿಯನ್ನು ದಾಖಲೆಯ ಜಾಗದಲ್ಲಿ ಕೂರಿಸಿ ಎಂದು ನಾನು ಹೇಳುವುದಿಲ್ಲ. ಲಾವಣಿ ಹೆಸರನ್ನು ಉಳಿಸುತ್ತದೆ, ಪಿಂಚಣಿ ಕೊಡಿಸುವುದಿಲ್ಲ.

ಸಾಕ್ಷಿಯೇ ಇಲ್ಲದ ಕಡೆ ಏನು ಮಾಡಬೇಕು? ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯಿರಿ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19 ಸಾವಿರ ಅಡಿಗೂ ಮೇಲೆ, ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿಯ ಮೇಲೆ ಹಿಮ ಕುಸಿಯಿತು. ಆರು ದಿನದ ಮೇಲೆ ಹನುಮಂತಪ್ಪ ಒಬ್ಬರೇ ಜೀವಂತ ಸಿಕ್ಕರು. 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲಿ ಶತ್ರುವಿನ ಗುಂಡಿಲ್ಲ. ಹಿಮದ ಅಡಿಯಲ್ಲಿ ಏನು ನಡೆಯಿತೆಂದು ಹೇಳಲು ಯಾರೂ ಉಳಿದಿರಲಿಲ್ಲ. ಆದರೆ ಅವರ 13 ವರ್ಷದ ಸೇವೆಯಲ್ಲಿ 10 ವರ್ಷ ಕಠಿಣ ಪ್ರದೇಶಗಳಲ್ಲೇ ಕಳೆದಿತ್ತು, ಅದು ಕಾಗದದ ಮೇಲಿತ್ತು. ಅವರಿಗೆ ಮರಣೋತ್ತರ ಸೇನಾ ಪದಕ ಸಂದಿತು. ಈ ಪದಕದ ನಿಯಮದಲ್ಲಿ ಧೈರ್ಯಕ್ಕಿರುವಷ್ಟೇ ಜಾಗ ಅಸಾಧಾರಣ ಕರ್ತವ್ಯನಿಷ್ಠೆಗೂ ಇದೆ. ಇದು ನಿಯಮ ಬರೆದವರ ದೊಡ್ಡತನ ಎಂದೇ ನನ್ನ ಅಭಿಪ್ರಾಯ.

ಶೌರ್ಯ ಗಡಿಯಲ್ಲೇ ನಡೆಯಬೇಕೆಂದೂ ಇಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಿಗೆ ಸೇನೆಯ ದೋಣಿಗಳು ಬಂದವು. ಶತ್ರುವಿನ ಎದುರಲ್ಲದ ಶೌರ್ಯಕ್ಕೆ ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರಗಳಿವೆ, ಅವಕ್ಕೆ ನಾಗರಿಕರೂ ಅರ್ಹರು. ನಮ್ಮ ನದಿದಂಡೆಯಲ್ಲಿ ಆ ದಿನಗಳಲ್ಲಿ ಯಾರು ಯಾರನ್ನು ಎತ್ತಿ ತಂದರು ಎಂದು ಊರಿನವರು ಬರೆದಿಟ್ಟರೆ? ಈ ಸಂಕಿರಣದಿಂದ ನಾನು ಬಯಸುವುದು ಇಂಥ ಕೆಲಸವನ್ನು. ಮಾಜಿ ಸೈನಿಕರ ಮನೆಯಲ್ಲಿ ಟ್ರಂಕಿನ ತಳದಲ್ಲಿರುವ ಡಿಸ್ಚಾರ್ಜ್ ಬುಕ್, ಪತ್ರ, ಫೋಟೋಗಳನ್ನು ಸ್ಕ್ಯಾನ್ ಮಾಡಿ. ಜೊತೆಗಿದ್ದವರ ಮಾತನ್ನು ಅವರು ಇರುವಾಗಲೇ ರೆಕಾರ್ಡ್ ಮಾಡಿಕೊಳ್ಳಿ. ಪದಕ ಬರಬೇಕಾಗಿದ್ದೂ ಬಾರದಿದ್ದರೆ ಬರೆಯಬೇಕಾದದ್ದು ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ. ಮರಾಠಾ ಲಘು ಪದಾತಿ ದಳದವರಿಗಂತೂ ಅದು ದೂರವಲ್ಲ, ಬೆಳಗಾವಿಯಲ್ಲೇ ಇದೆ.

ಇನ್ನೊಂದು ಪ್ರಶ್ನೆಯನ್ನು ಗೋಷ್ಠಿಗಳಿಗೆ ಬಿಟ್ಟುಕೊಡುತ್ತೇನೆ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಆಮೇಲೆ ಖಾಯಂ ಆಗುವವರು ನೂರಕ್ಕೆ 25ರವರೆಗೆ ಎಂದು ಆಗ ಹೇಳಲಾಗಿತ್ತು. ಶೌರ್ಯದ ಪದಕಕ್ಕೆ ಈ ಯೋಜನೆಯಲ್ಲಿ ಸೇರಿದ ಅಗ್ನಿವೀರರೂ ಅರ್ಹರು, ಅದರಲ್ಲಿ ಅನುಮಾನವಿಲ್ಲ. ಆದರೆ ದೀರ್ಘ ಸೇವೆಗೆ ವರ್ಷ ಎಣಿಸಿ ಕೊಡುವ ಪದಕಗಳಲ್ಲಿ ಮೊದಲನೆಯದೇ 9 ವರ್ಷಕ್ಕೆ. ನಾಲ್ಕು ವರ್ಷ ಗಡಿಯಲ್ಲಿ ನಿಂತು ಮರಳಿ ಬರುವ ಹುಡುಗನ ಸೇವೆಯನ್ನು ಯಾವ ಅಳತೆಯಿಂದ ಅಳೆಯಬೇಕು, ಹಳೆಯ ಅಳತೆಯನ್ನು ತಿದ್ದಬೇಕೋ ಹೊಸ ಪದಕವನ್ನೇ ಕೇಳಬೇಕೋ ಎಂಬುದನ್ನು ಇಲ್ಲಿ ಕೂತಿರುವ ಸುಬೇದಾರರು, ಹವಾಲ್ದಾರರು ಮೊದಲು ಹೇಳಲಿ. ಪ್ರಾಧ್ಯಾಪಕರು ಆಮೇಲೆ ಮಾತಾಡಲಿ.