ಕೊಬ್ಬು ಮತ್ತು ದೊಡ್ಡ ಕರುಳಿನ ಕ್ಯಾನ್ಸರ್: ನಾವು ತಿಳಿಯಬೇಕಾದದ್ದು

(ಹಾನಗಲ್ಲಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ಏರ್ಪಡಿಸಿದ ಆರೋಗ್ಯ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣ)



ಕ್ಯಾನ್ಸರ್ ಅಂದ ಕೂಡಲೆ ನಮಗೆ ನೆನಪಾಗೋದು ಸ್ತನ, ಗರ್ಭಕೋಶ, ಗುಟ್ಕಾ ತಿಂದವರ ಬಾಯಿ. ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರಿನ ಬಗ್ಗೆ ಯಾರೂ ಮಾತೇ ಎತ್ತುವುದಿಲ್ಲ. ಮಲದ ಮಾತು ಆಡಲು ನಾಚಿಕೆ. ಇವತ್ತು ಆ ನಾಚಿಕೆ ಬದಿಗಿಟ್ಟು ಮಾತಾಡೋಣ.

ಈ ಗಡ್ಡೆ ಹೇಗೆ ಬೆಳೆಯುತ್ತದೆ ನೋಡ್ರಿ. ಒಂದು ಜೀವಕೋಶ ಎರಡಾಗಬೇಕಾದರೆ ಹೊಸ ಗೋಡೆ ಬೇಕು. ಆ ಗೋಡೆಗೆ ಕೊಬ್ಬೇ ಇಟ್ಟಿಗೆ. ಆರೋಗ್ಯವಂತ ಜೀವಕೋಶ ಹೆಚ್ಚಾಗಿ ರಕ್ತದಲ್ಲಿ ಬಂದ ಕೊಬ್ಬನ್ನೇ ಬಳಸುತ್ತದೆ. ಕ್ಯಾನ್ಸರ್ ಕೋಶಕ್ಕೆ ಅಷ್ಟು ಸಾಲದು. ಅದು ತನ್ನೊಳಗೇ ಇಟ್ಟಿಗೆಭಟ್ಟಿ ಹೂಡಿ ಸಕ್ಕರೆಯಿಂದ ಕೊಬ್ಬು ತಯಾರಿಸುತ್ತದೆ. ಈ ಕೆಲಸ ಮಾಡುವ ಕಿಣ್ವದ ಹೆಸರು ಫ್ಯಾಟಿ ಆಸಿಡ್ ಸಿಂಥೇಸ್. ಸುತ್ತಲಿನ ಬೊಜ್ಜಿನಿಂದಲೂ ಕೊಬ್ಬು ಎಳೆದುಕೊಂಡು ಉರುವಲು ಮಾಡಿಕೊಳ್ಳುತ್ತದೆ. ಈ ಕಿಣ್ವವನ್ನು ತಡೆಯುವ ಔಷಧಗಳು ಇನ್ನೂ ಪ್ರಯೋಗದ ಹಂತದಲ್ಲಿವೆ.

ಹಾಗಾದರೆ ಎಣ್ಣೆ, ತುಪ್ಪ ಪೂರ್ತಿ ಬಿಟ್ಟರೆ ರೋಗ ಹೋಗುತ್ತದಾ ಅಂತ ಕೇಳ್ತೀರಿ. ಇಲ್ಲ. ಕೊಬ್ಬನ್ನು ತಾನೇ ತಯಾರಿಸುವ ಗಡ್ಡೆ ಅದರಿಂದ ಸಾಯೋದಿಲ್ಲ, ರೋಗಿ ಸೊರಗುತ್ತಾನೆ. ರೋಗಿಗೆ ಪಥ್ಯ ಅಂತ ಬರೀ ಗಂಜಿ ಕೊಡಬೇಡಿ. ತೂಕ ಇಳಿದರೆ ಚಿಕಿತ್ಸೆ ತಾಳುವ ಶಕ್ತಿಯೂ ಇಳಿಯುತ್ತದೆ. ಊಟದ ವಿಷಯ ವೈದ್ಯರನ್ನೇ ಕೇಳಿರಿ.

ರೋಗ ಬರುವ ಮುಂಚೆ ನಮ್ಮ ಕೈಯಲ್ಲಿ ಏನಿದೆ? ಮೊದಲನೆಯದು ಬೊಜ್ಜು. ದೇಹದಲ್ಲಿ ಅತಿಯಾದ ಬೊಜ್ಜು ಸೇರದಿದ್ದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ತಿಳಿಸಿತು. ಕುಡಿತ, ಬೀಡಿ-ಸಿಗರೇಟು ಸಹ ಅಪಾಯ ಹೆಚ್ಚಿಸುತ್ತವೆ.

ಎರಡನೆಯದು ನಾರು. ಜಿಡ್ಡು ಹೆಚ್ಚಾದಷ್ಟೂ ಅದನ್ನು ಅರಗಿಸಲು ಪಿತ್ತರಸ ಹೆಚ್ಚು ಬೇಕು. ಕರುಳಿನ ಕ್ರಿಮಿಗಳು ಪಿತ್ತದ ಆಮ್ಲಗಳನ್ನು ಬದಲಾಯಿಸಿದಾಗ ಅವು ಕರುಳಿನ ಒಳಪದರವನ್ನು ಕೆರಳಿಸುತ್ತವೆ. ಅದೇ ಕ್ರಿಮಿಗಳಿಗೆ ನಾರು ಸಿಕ್ಕರೆ ಬ್ಯುಟಿರೇಟ್ ಎಂಬ ಪುಟ್ಟ ಕೊಬ್ಬಿನಾಮ್ಲ ತಯಾರಾಗುತ್ತದೆ. ದೊಡ್ಡ ಕರುಳಿನ ಒಳಪದರಕ್ಕೆ ಇದೇ ಮುಖ್ಯ ಆಹಾರ. ಅಂದರೆ ಎಲ್ಲ ಕೊಬ್ಬೂ ವೈರಿಯಲ್ಲ. ಜೋಳದ ರೊಟ್ಟಿ, ಹೆಸರುಕಾಳು, ಮಡಿಕೆಕಾಳು, ಹಸಿ ಸೊಪ್ಪು ನಮ್ಮ ಅಡಿಗೆಮನೆಯಲ್ಲೇ ಇವೆ. ಸಂತೆಯ ಮಿರ್ಚಿಭಜಿ ಅಪರೂಪಕ್ಕೆ ಸಾಕು.

ಮೂರನೆಯದು ಎಚ್ಚರ. 2016ರ ಸರ್ಕಾರಿ ಮಾರ್ಗಸೂಚಿಯಲ್ಲಿ ಬಾಯಿ, ಸ್ತನ, ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಸಾಮೂಹಿಕ ತಪಾಸಣೆ ಹೇಳಿದೆ. ದೊಡ್ಡ ಕರುಳು ಅದರಲ್ಲಿಲ್ಲ. ಆದ್ದರಿಂದ ನಾವೇ ಗಮನಿಸಬೇಕು. ಮಲದಲ್ಲಿ ರಕ್ತ, ವಾರಗಟ್ಟಲೆ ಮಲಬದ್ಧತೆ ಅಥವಾ ಭೇದಿ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಕಂಡರೆ ಮೂಲವ್ಯಾಧಿ ಅಂತ ನೀವೇ ತೀರ್ಮಾನಿಸಬೇಡಿ. ಮೂಲವ್ಯಾಧಿ ಇದ್ದವರಿಗೂ ಕ್ಯಾನ್ಸರ್ ಇರಬಹುದು. ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿರಿ. ಹೆಚ್ಚಿನ ಚಿಕಿತ್ಸೆಗೆ ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೆಫರಲ್ ಚೀಟಿ ಮರೆಯದೆ ಪಡೆಯಿರಿ.

ಬೇಗ ಕಂಡುಹಿಡಿದರೆ ಈ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಸಾಧ್ಯತೆ ಹೆಚ್ಚು. ಮುಂದಿನ ವಾರದ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಈ ಲಕ್ಷಣಗಳನ್ನು ಒಮ್ಮೆ ಓದಿ ಹೇಳಿರಿ. ಮನೆಯ ಗಂಡಸರಿಗೂ ತಿಳಿಸಿರಿ.