ಗ್ರಂಥಿಜ್ವರವೂ ವಿಶ್ರಾಂತಿಯೂ



ತೊಗರಿಯ ರಾಶಿಯ ಕಾಲದಲ್ಲಿ, ಆಳಂದ ಸೀಮೆಯ ಜಿಡಗಾದಂತಹ ಊರಿನ ತರುಣನೊಬ್ಬನಿಗೆ ಜ್ವರ ಬಂದಿತೆಂದು ಭಾವಿಸೋಣ. ಗಂಟಲು ನೋಯುತ್ತದೆ, ಕೊರಳಿನ ಎರಡು ಪಕ್ಕಗಳಲ್ಲಿಯೂ ಗಂಟುಗಳೆದ್ದಿವೆ, ಮೈಯಲ್ಲಿ ತ್ರಾಣವಿಲ್ಲ. ಮನೆಯವರಿಗೆ ಮೊದಲು ತೋರುವ ಭಯ ಗಂಡಮಾಲೆಯದು, ಎಂದರೆ ಗ್ರಂಥಿಗಳ ಕ್ಷಯದ್ದು. ಆ ಭಯವು ನಿರಾಧಾರವಾದುದಲ್ಲ. ಆದರೆ ಕೊರಳಿನ ಗಂಟೆಲ್ಲವೂ ಗಂಡಮಾಲೆಯಲ್ಲ; ಗ್ರಂಥಿಜ್ವರವೆಂಬ ಬೇರೊಂದು ರೋಗವೂ ಉಂಟು.

ಜರ್ಮನಿಯ ವೈದ್ಯ ಎಮಿಲ್ ಫೈಫರನು 1889ರಲ್ಲಿ ಇದನ್ನು ವರ್ಣಿಸಿದನು. 1964ರಲ್ಲಿ ಎಪ್‌ಸ್ಟೀನ್, ಬಾರ್ ಮತ್ತು ಅಚಾಂಗ್ ಎಂಬವರು ಲಂಡನ್ನಿನಲ್ಲಿ ಒಂದು ಹೊಸ ವೈರಸ್ಸನ್ನು ಕಂಡರು. ಈ ಜ್ವರಕ್ಕೆ ಸಾಮಾನ್ಯವಾಗಿ ಅದೇ ಕಾರಣವೆಂಬುದನ್ನು 1968ರಲ್ಲಿ ಫಿಲಡೆಲ್ಫಿಯದ ಹೆನ್ಲೆ ದಂಪತಿಗಳು ತೋರಿಸಿಕೊಟ್ಟರು. ಇದು ಎಂಜಲಿನಿಂದ ಹರಡತಕ್ಕದ್ದು. ಶೈಶವದಲ್ಲಿ ತಗುಲಿದರೆ ಬಹುಮಟ್ಟಿಗೆ ತಿಳಿಯದೆಯೇ ಹೋಗುತ್ತದೆ. ತಾರುಣ್ಯದಲ್ಲಿ ಮೊದಲ ಬಾರಿ ತಗುಲಿದರೆ, ನಾಲ್ಕರಿಂದ ಆರು ವಾರಗಳ ತರುವಾಯ ಜ್ವರವಾಗಿ ತೋರಬಹುದು.

ಇದನ್ನು ಕಳೆಯುವ ವಿಶೇಷ ಔಷಧವಿಲ್ಲ. ಬ್ಯಾಕ್ಟೀರಿಯಗಳನ್ನು ಕೊಲ್ಲುವ ಮದ್ದುಗಳು ವೈರಸ್ಸಿನ ಮೇಲೆ ನಡೆಯವು. ಅವುಗಳಲ್ಲಿ ಅಮಾಕ್ಸಿಸಿಲಿನ್ ಎಂಬುದನ್ನು ಈ ರೋಗದಲ್ಲಿ ಸೇವಿಸಿದರೆ ಮೈಮೇಲೆ ಕೆಂಪು ದದ್ದುಗಳು ಏಳುವುದೂ ಉಂಟು. ಆದುದರಿಂದ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ವಿವೇಕವಲ್ಲ. ಜ್ವರಕ್ಕೆ ವೈದ್ಯರು ಹೇಳಿದಷ್ಟು ಪಾರಾಸಿಟಮಾಲ್, ಗಂಟಲಿಗೆ ಬೆಚ್ಚನೆಯ ಉಪ್ಪುನೀರು, ಕುಡಿಯಲು ಧಾರಾಳವಾಗಿ ನೀರು ಮತ್ತು ಗಂಜಿ: ಇಷ್ಟೇ ಉಪಚಾರ. ರೋಗಿಯ ಲೋಟವನ್ನು ಇತರರು ಬಳಸಬಾರದು.

ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ರೋಗವು ಇಳಿಯುತ್ತದೆ. ಆಯಾಸವು ಮಾತ್ರ ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುವುದು. ಅದನ್ನು ಸೋಮಾರಿತನವೆಂದು ಜರೆಯಬಾರದು. ಎಡಪಕ್ಕೆಯ ಕೆಳಗಿನ ಪ್ಲೀಹವು ಈ ರೋಗದಲ್ಲಿ ಊದಿಕೊಳ್ಳುವುದುಂಟು. ಪೆಟ್ಟು ಬಿದ್ದರೆ, ಅಪರೂಪವಾಗಿ ತಾನಾಗಿಯೂ, ಒಡೆದು ಪ್ರಾಣಕ್ಕೆ ಸಂಚಕಾರ ತರಬಹುದು. ಆದಕಾರಣ ರೋಗ ತೊಡಗಿದಂದಿನಿಂದ ಕನಿಷ್ಠ ಮೂರು ನಾಲ್ಕು ವಾರ ಕುಸ್ತಿ, ಕಬಡ್ಡಿಗಳು ಬೇಡ. ತೊಗರಿಯ ಚೀಲವನ್ನು ಹೊರುವುದೂ ಬೇಡ. ಆ ಪಕ್ಕದಲ್ಲಿ ತಟ್ಟನೆ ನೋವೆದ್ದರೆ, ಉಸಿರು ಕಟ್ಟಿದರೆ, ನೀರೂ ಇಳಿಯದಾದರೆ, ಕೂಡಲೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಗಂಟುಗಳು ಎರಡು ವಾರ ಕಳೆದರೂ ಕರಗದಿದ್ದರೆ, ಸಂಜೆಯ ಜ್ವರ ಬಿಡದಿದ್ದರೆ, ತೂಕ ಇಳಿಯುತ್ತಿದ್ದರೆ, ಕ್ಷಯದ ಪರೀಕ್ಷೆಯನ್ನು ಮಾಡಿಸಲೇಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಆ ಪರೀಕ್ಷೆಗೂ ಚಿಕಿತ್ಸೆಗೂ ಹಣ ಕೊಡಬೇಕಾಗಿಲ್ಲ.

ದಿನಗೂಲಿಯವನಿಗೆ ವಿಶ್ರಾಂತಿಯೆಂದರೆ ಕೂಲಿಯ ನಷ್ಟ. ವಿದ್ಯಾರ್ಥಿಗೆ ಪರೀಕ್ಷೆಯ ಚಿಂತೆ. ಇದು ಸುಲಭದ ತ್ಯಾಗವಲ್ಲ. ಆದರೂ ಈ ರೋಗದಲ್ಲಿ ವಿಶ್ರಾಂತಿಯೇ ಔಷಧ. ಆ ಔಷಧವನ್ನು ರೋಗಿಯು ತಾನೊಬ್ಬನೇ ಕೊಂಡುಕೊಳ್ಳಲಾರನು. ಅವನ ಪಾಲಿನ ದುಡಿಮೆಯನ್ನು ಕೆಲವು ವಾರ ಮನೆಯವರೂ ನೆರೆಯವರೂ ಹಂಚಿಕೊಂಡರೆ ಮಾತ್ರ ಅದು ಅವನಿಗೆ ದೊರೆಯುವುದು.