ಕೋಳಿಯ ರಕ್ತಸಾರದಲ್ಲಿ ಹಕ್ಕಿಜ್ವರದ ಕುರುಹು: ಪ್ರತಿಕಾಯ ಪರೀಕ್ಷೆಯ ಬಲ ಮತ್ತು ಮಿತಿ

ಹೊಸೂರು–ರಾಯಕೋಟೆ ರಸ್ತೆಯಲ್ಲಿರುವ ಉದ್ದನಪಲ್ಲಿಯಂಥ ಊರುಗಳು ದಕ್ಷಿಣದ ನಾಮಕ್ಕಲ್ಲಿನ ಮೊಟ್ಟೆ ಉದ್ಯಮಕ್ಕೂ ಉತ್ತರದ ಬೆಂಗಳೂರು ಮಾರುಕಟ್ಟೆಗೂ ನಡುವೆ ಇರುವುದರಿಂದ, ಇಲ್ಲಿನ ಕೋಳಿಗಳ ಆರೋಗ್ಯ ಎರಡು ರಾಜ್ಯಗಳಿಗೂ ಸಂಬಂಧಿಸಿದ ವಿಷಯವಾಗಿದೆ. ಈ ವಿಚಾರ ಸಂಕಿರಣವು ಎತ್ತಿಕೊಂಡಿರುವ ಪ್ರಶ್ನೆ ಒಂದೇ: ಹಕ್ಕಿಜ್ವರವನ್ನು ಪತ್ತೆಹಚ್ಚುವಾಗ ರಕ್ತ ಪರೀಕ್ಷೆಯನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು?

ವೈರಸ್ಸನ್ನು ಎದುರಿಸಲು ದೇಹವು ತಯಾರಿಸುವ ಪ್ರೋಟೀನುಗಳಾದ ಪ್ರತಿಕಾಯಗಳು ಸೋಂಕು ತಗುಲಿ ಸುಮಾರು ಒಂದು ವಾರ ಕಳೆದ ಮೇಲೆಯೇ ಪರೀಕ್ಷೆಗೆ ಸಿಗುವಷ್ಟಾಗುತ್ತವೆ. ಆದರೆ ಎಚ್5ಎನ್1ರಂಥ ಉಗ್ರ ತಳಿ ತಗುಲಿದ ಕೋಳಿಗಳಲ್ಲಿ ಹೆಚ್ಚಿನವು ಅಷ್ಟರೊಳಗೇ ಸಾಯುವುದರಿಂದ, ಅವುಗಳ ರಕ್ತದಲ್ಲಿ ಪ್ರತಿಕಾಯ ಇಲ್ಲವೆಂಬುದು ರೋಗ ಇರಲಿಲ್ಲವೆಂಬುದಕ್ಕೆ ಪ್ರಮಾಣವಾಗದು. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಟರ್ಕಿಗಳು ಸತ್ತಾಗ ಆದಂತೆ ಸಾವು ಕಣ್ಣೆದುರಿಗೇ ಇರುವ ಸಂದರ್ಭದಲ್ಲಿ, ವೈರಸ್ಸಿನ ಆರ್‌ಎನ್‌ಎಯನ್ನು ನೇರವಾಗಿ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆಯೂ ಭೋಪಾಲದ ರಾಷ್ಟ್ರೀಯ ಉನ್ನತ ಸುರಕ್ಷತಾ ಪ್ರಾಣಿರೋಗ ಸಂಸ್ಥೆಯ ದೃಢೀಕರಣವೂ ಬೇಕೇ ಬೇಕು.

ಪ್ರತಿಕಾಯ ಪರೀಕ್ಷೆಯ ನಿಜವಾದ ಕ್ಷೇತ್ರ ಸದ್ದಿಲ್ಲದ ಸೋಂಕು. ಭಾರತದ ಕೋಳಿಗಳಲ್ಲಿ ನೆಲೆಯೂರಿರುವ ಎಚ್9ಎನ್2 ಎಂಬ ಸೌಮ್ಯ ತಳಿಯು ಮೊಟ್ಟೆಯ ಇಳುವರಿಯನ್ನು ತಗ್ಗಿಸಿ, ಸಾಮಾನ್ಯ ಕೆಮ್ಮು–ನೆಗಡಿಯಂತೆ ಕಂಡು ಹಾದುಹೋಗುತ್ತದೆ. ಬಾತುಕೋಳಿಗಳಲ್ಲಂತೂ ಉಗ್ರ ತಳಿಗಳೂ ಕೆಲವೊಮ್ಮೆ ಲಕ್ಷಣವಿಲ್ಲದೆ ಇರುತ್ತವೆ. ಇಂಥ ಹಿಂಡುಗಳ ಹಳೆಯ ಸೋಂಕನ್ನು ಹೇಳಬಲ್ಲದ್ದು, ರೆಕ್ಕೆಯ ರಕ್ತನಾಳದಿಂದ ತೆಗೆದ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯಾದ ದ್ರವ, ಅಂದರೆ ರಕ್ತಸಾರ. ಎಲ್ಲ ಎ-ವರ್ಗದ ಇನ್‌ಫ್ಲುಯೆಂಜಾ ವೈರಸ್ಸುಗಳಿಗೂ ಸಮಾನವಾದ ನ್ಯೂಕ್ಲಿಯೋಪ್ರೋಟೀನಿನ ಪ್ರತಿಕಾಯವನ್ನು ಎಲೈಸಾ ಪರೀಕ್ಷೆಯಿಂದ ಮೊದಲು ಜಾಲಾಡಿ, ಅನಂತರ ಎಚ್5, ಎಚ್7, ಎಚ್9 ಉಪವರ್ಗಗಳನ್ನು ಎಚ್‌ಐ (ರಕ್ತಕಣಗಳ ಅಂಟುವಿಕೆಯ ತಡೆ) ಪರೀಕ್ಷೆಯಿಂದ ಬೇರ್ಪಡಿಸುವುದು ಕ್ರಮ. ಇನ್‌ಫ್ಲುಯೆಂಜಾ ವೈರಸ್ಸು ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆಂದು 1941ರಲ್ಲಿ ಜಾರ್ಜ್ ಹರ್ಸ್ಟ್ ಕಂಡುಕೊಂಡ ಸಂಗತಿಯೇ ಇದಕ್ಕೆ ಆಧಾರ: ರಕ್ತಸಾರದಲ್ಲಿ ತಕ್ಕ ಪ್ರತಿಕಾಯವಿದ್ದರೆ ಆ ಅಂಟುವಿಕೆ ನಿಲ್ಲುತ್ತದೆ, ಕಣಗಳು ತಟ್ಟೆಯ ಗುಳಿಯ ತಳದಲ್ಲಿ ಗುಂಡಿಯಂತೆ ಕೂರುತ್ತವೆ. ನಾಲ್ಕು ಘಟಕ ಪ್ರತಿಜನಕಕ್ಕೆ, ಅಂದರೆ ಪರೀಕ್ಷೆಗೆ ಬಳಸುವ ವೈರಸ್ಸಿಗೆ, ಎದುರಾಗಿ 16 ಪಟ್ಟು ಅಥವಾ ಅದಕ್ಕೂ ಹೆಚ್ಚು ತೆಳುವಾಗಿಸಿದ ರಕ್ತಸಾರವೂ ಹೀಗೆ ತಡೆದರೆ ಫಲಿತಾಂಶ ಧನಾತ್ಮಕ.

ಆದರೂ ಅಂಕಿಯೊಂದೇ ತೀರ್ಪಾಗದು. ತಾಯಿಕೋಳಿಯಿಂದ ಮೊಟ್ಟೆಯ ಹಳದಿಯ ಮೂಲಕ ಬಂದ ಪ್ರತಿಕಾಯಗಳು ಮರಿಯ ರಕ್ತದಲ್ಲಿ ಮೊದಲ ಕೆಲವು ವಾರ ಉಳಿಯುವುದರಿಂದ, ಆರು ವಾರವಷ್ಟೇ ಬಾಳುವ ಬ್ರಾಯ್ಲರ್ ಹಿಂಡಿನಲ್ಲಿ ಎಳೆವಯಸ್ಸಿನ ಧನಾತ್ಮಕ ಫಲಿತಾಂಶ ಸೋಂಕನ್ನಲ್ಲ, ತಾಯಿಯ ಚರಿತ್ರೆಯನ್ನು ಹೇಳುತ್ತಿರಬಹುದು. ಎಚ್9ಎನ್2 ಲಸಿಕೆ ಪಡೆದ ಹಿಂಡಿನಲ್ಲಿ ಲಸಿಕೆಯ ಪ್ರತಿಕಾಯವನ್ನೂ ಸೋಂಕಿನದನ್ನೂ ಎಚ್‌ಐ ಬೇರ್ಪಡಿಸಲಾರದು. ಎಷ್ಟು ಕೋಳಿಗಳ ರಕ್ತ ಬೇಕೆಂಬುದೂ ಅಷ್ಟೇ ಮುಖ್ಯ: ನೂರಕ್ಕೆ ಹತ್ತರಲ್ಲಿ ಸೋಂಕಿದ್ದರೆ ಒಂದನ್ನಾದರೂ ಶೇಕಡ 95ರ ಭರವಸೆಯಿಂದ ಹಿಡಿಯಲು ಸುಮಾರು 30 ಕೋಳಿಗಳು ಬೇಕು, ನೂರಕ್ಕೆ ಐದಾದರೆ ಸುಮಾರು 60. ನಾಲ್ಕೈದು ಕೋಳಿಗಳ ರಕ್ತ ಕಳುಹಿಸಿ ಹಿಂಡು ಶುದ್ಧವೆಂದು ಬರೆದುಕೊಳ್ಳುವುದು ರೈತನಿಗೆ ಮಾಡುವ ಅನ್ಯಾಯ.

ಆದುದರಿಂದ ಬೆಂಗಳೂರಿನ ಹೆಬ್ಬಾಳದಲ್ಲಿರುವ ದಕ್ಷಿಣ ಪ್ರಾದೇಶಿಕ ರೋಗನಿದಾನ ಪ್ರಯೋಗಾಲಯಕ್ಕಾಗಲಿ ತಮಿಳುನಾಡಿನ ಪ್ರಯೋಗಾಲಯಗಳಿಗಾಗಲಿ ಹೋಗುವ ಪ್ರತಿ ಸೀಸೆಯ ಜೊತೆಗೆ ಹಿಂಡಿನ ವಯಸ್ಸು, ಲಸಿಕೆಯ ದಿನಾಂಕ, ಮರಿ ಬಂದ ಮೂಲ, ಸತ್ತವುಗಳ ಲೆಕ್ಕ ಇವೆಲ್ಲ ಇರುವ ಒಂದೇ ನಮೂನೆಯ ಚೀಟಿ ಗಡಿಯ ಎರಡೂ ಬದಿಯಲ್ಲಿ ಬಳಕೆಗೆ ಬರಬೇಕು. ಅದರ ಕರಡನ್ನು ಈ ಸಂಕಿರಣದ ಗೋಷ್ಠಿಗಳು ಸಿದ್ಧಪಡಿಸಬೇಕೆಂಬುದೇ ಈ ಭಾಷಣದ ಆಶಯ.